‘ಜಪಾನ್ ಮಾಲು’: ಹಳೆಯ ಗಿಟಾರಿಗೆ ಬೆಲೆ ಬಂದ ಬಗೆ

‘ಜಪಾನ್ ಮಾಲು’ ಎಂಬ ಮಾತಿಗೆ ಒಂದು ಕಾಲಕ್ಕೆ ಇದ್ದ ಅರ್ಥವೇ ಬೇರೆ, ಆಮೇಲೆ ಬಂದ ಅರ್ಥವೇ ಬೇರೆ. ಎರಡನೇ ಮಹಾಯುದ್ಧಕ್ಕೆ ಮೊದಲಿನ ತಲೆಮಾರಿನವರಿಗೆ ಅದು ಅಗ್ಗದ, ಬಾಳಿಕೆ ಬಾರದ ಸಾಮಾನು. ಬಟ್ಟೆ, ಗಾಜಿನ ಸರಕು, ಮಕ್ಕಳ ಆಟಿಕೆ ಎಲ್ಲವೂ ಜಪಾನಿನಿಂದ ರಾಶಿ ರಾಶಿಯಾಗಿ ಬಂದು ಭಾರತದ ಸಂತೆಗಳಲ್ಲಿ ಕಡಿಮೆ ಬೆಲೆಗೆ ಬಿಕರಿಯಾಗುತ್ತಿದ್ದ ದಿನಗಳು ಅವು. ಈ ಸರಕಿನ ಪೈಪೋಟಿಗೆ ಹೆದರಿ ಬ್ರಿಟಿಷ್ ಸರಕಾರ 1933ರಲ್ಲಿ ಬ್ರಿಟಿಷೇತರ ಹತ್ತಿಬಟ್ಟೆಯ ಮೇಲೆ ಶೇಕಡಾ 75ರಷ್ಟು ಸುಂಕ ಹೇರಬೇಕಾಯಿತು. ಮರುವರ್ಷ ನಡೆದ ಒಪ್ಪಂದದಲ್ಲಿ, ಜಪಾನ್ ಎಷ್ಟು ಹತ್ತಿ ಕೊಳ್ಳುತ್ತದೋ ಅದಕ್ಕೆ ತಕ್ಕಷ್ಟೇ ಬಟ್ಟೆ ಇಲ್ಲಿಗೆ ಬರಬೇಕೆಂಬ ಲೆಕ್ಕ ಹಾಕಲಾಯಿತು.

ನಲವತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಮಾತು ತಲೆಕೆಳಗಾಯಿತು. 1973ರ ನಂತರ ಕೊಲ್ಲಿ ರಾಷ್ಟ್ರಗಳ ಎಣ್ಣೆಯ ದುಡ್ಡು ಏರಿದಂತೆ ಕರಾವಳಿಯ ಹುಡುಗರು ಅತ್ತ ಹೊರಟರು. ರಜೆಯಲ್ಲಿ ಊರಿಗೆ ಬಂದವರ ಪೆಟ್ಟಿಗೆಯಿಂದ ಸೀಕೊ ವಾಚು, ನ್ಯಾಷನಲ್ ಪ್ಯಾನಸಾನಿಕ್ ಟೂ-ಇನ್-ವನ್ ಹೊರಬಂದವು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಆಸುಪಾಸಿನ ಮನೆಗಳ ಚಾವಡಿಯಲ್ಲಿ ಆ ಟೇಪ್ ರೆಕಾರ್ಡರಿಗೆ ಕಸೂತಿಯ ಹೊದಿಕೆ ಸಿಕ್ಕಿತು. ಸಾಲಿಗ್ರಾಮದ ಬಳಿಯ ಗುಂಡ್ಮಿಯ ಭಾಗವತ ಕಾಳಿಂಗ ನಾವುಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತೆರಡು ತುಂಬಿರಲಿಲ್ಲ. ಅವರ ಹಾಡುಗಾರಿಕೆ ಮುಂದಿನವರ ಕಿವಿಗೆ ತಲುಪಿದ್ದು ಕ್ಯಾಸೆಟ್ಟುಗಳ ಮೂಲಕ. ಆ ಕ್ಯಾಸೆಟ್ಟು ತಿರುಗಿದ್ದು ಬಹುಪಾಲು ಜಪಾನಿನ ಯಂತ್ರಗಳಲ್ಲಿ. ಈಗ ‘ಜಪಾನ್ ಮಾಲು’ ಎಂದರೆ ಕೆಡದ ಸಾಮಾನು ಎಂದರ್ಥ.

ಈ ಎರಡು ಅರ್ಥಗಳ ನಡುವಿನ ಸಂಧಿಕಾಲದಲ್ಲಿ ತಯಾರಾದ ಒಂದು ವಸ್ತುವಿಗೆ ಇಂದು ಜಗತ್ತಿನಾದ್ಯಂತ ಹುಡುಕಾಟ ನಡೆದಿದೆ. ಅದು ಜಪಾನಿನ ಹಳೆಯ ಎಲೆಕ್ಟ್ರಿಕ್ ಗಿಟಾರ್. ಕೆಲಸದ ನಿಮಿತ್ತವೋ ಪ್ರವಾಸಕ್ಕೆಂದೋ ಜಪಾನಿಗೆ ಹೋದ ಸಂಗೀತಪ್ರಿಯರು ಟೋಕಿಯೊದ ಓಚನೊಮಿಜು ಬೀದಿಯ ಸಾಲು ಸಾಲು ವಾದ್ಯದಂಗಡಿಗಳನ್ನು ತಪ್ಪದೆ ಸುತ್ತುತ್ತಾರೆ. ಅಗ್ಗದ ಬೇಟೆಯಲ್ಲಿ ಪಳಗಿದವರು ಸಣ್ಣ ಊರುಗಳ ‘ಹಾರ್ಡ್ ಆಫ್’ ಎಂಬ ಹಳೆ ಸಾಮಾನಿನ ಮಳಿಗೆಗಳಿಗೆ ಹೋಗಿ, ‘ಜಂಕ್’ ಎಂದು ಚೀಟಿ ಅಂಟಿಸಿದ ಮೂಲೆಯಲ್ಲಿ ಕೈಯಾಡಿಸುತ್ತಾರೆ. ‘ಪರೀಕ್ಷಿಸಿಲ್ಲ, ಹಿಂದಕ್ಕೆ ಪಡೆಯುವುದಿಲ್ಲ’ ಎಂಬುದೇ ಆ ಚೀಟಿಯ ತಾತ್ಪರ್ಯ. ಕುಂದಾಪುರದ ಗುಜರಿ ಅಂಗಡಿಗೂ ಅದಕ್ಕೂ ಇರುವ ವ್ಯತ್ಯಾಸ ಇಷ್ಟೆ: ಇಲ್ಲಿ ತೂಕಕ್ಕೆ ಹಾಕುತ್ತಾರೆ, ಅಲ್ಲಿ ಒಂದೊಂದಕ್ಕೂ ಬೆಲೆ ಬರೆದಿರುತ್ತದೆ. ಅಂಥ ಮೂಲೆಯಲ್ಲಿ ಧೂಳು ಹಿಡಿದು ನಿಂತ ಗಿಟಾರ್ ಕೆಲವೊಮ್ಮೆ ಐವತ್ತು ವರ್ಷ ಹಳೆಯ, ಒಳ್ಳೆಯ ಕೈಗಳು ಮಾಡಿದ ವಾದ್ಯವಾಗಿರುತ್ತದೆ. ಹಾಗಿದ್ದೂ ಅದು ಅಗ್ಗವಾಗಿ ಏಕೆ ಸಿಗುತ್ತದೆ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಭಾರತಕ್ಕೆ ಜಪಾನಿನಿಂದ ಬಂದ ತಂತಿವಾದ್ಯಗಳಲ್ಲಿ ಗಿಟಾರ್ ಮೊದಲನೆಯದಲ್ಲ. 1912ರಲ್ಲಿ ನಗೊಯಾ ನಗರದ ಮೊರಿಟಾ ಗೊರೊ ಎಂಬವರು ಬೆರಳಚ್ಚು ಯಂತ್ರದ ಕೀಲಿಗಳನ್ನು ನೋಡಿ ಒಂದು ವಾದ್ಯ ಕಟ್ಟಿದರು. ಉದ್ದನೆಯ ಪೆಟ್ಟಿಗೆ, ಅದರ ಮೇಲೆ ತಂತಿ, ತಂತಿಯ ಮೇಲೆ ಗುಂಡಿಗಳು. ಎಡಗೈ ಗುಂಡಿ ಒತ್ತುತ್ತದೆ, ಬಲಗೈ ತಂತಿ ಮೀಟುತ್ತದೆ. ಅದೇ ವರ್ಷ ಶುರುವಾದ ತೈಶೊ ಚಕ್ರವರ್ತಿಯ ಆಳ್ವಿಕೆಯ ಹೆಸರಿನಲ್ಲಿ ಇದು ‘ತೈಶೊಗೊತೊ’ ಎನಿಸಿತು. ಶಾಸ್ತ್ರ ಕಲಿಯದವರೂ ನಾಲ್ಕು ದಿನದಲ್ಲಿ ಒಂದು ಧಾಟಿ ನುಡಿಸಬಹುದಾದ, ಬಡವರ ಕೈಗೆ ಎಟುಕುವ ವಾದ್ಯ. ಹಡಗಿನಲ್ಲಿ ಹೊರಟ ಇದು ಆಫ್ರಿಕಾದ ಪೂರ್ವ ಕರಾವಳಿಗೂ ಬಾಲಿ ದ್ವೀಪಕ್ಕೂ ಮುಟ್ಟಿತು. ಭಾರತದಲ್ಲಿ ‘ಬುಲ್‌ಬುಲ್ ತರಂಗ್’ ಎಂಬ ಸೊಗಸಾದ ಹೆಸರು ಪಡೆಯಿತು. ಜನರ ಬಾಯಲ್ಲಿ ಅದು ‘ಬ್ಯಾಂಜೊ’. ಅಮೆರಿಕದ ಬ್ಯಾಂಜೊಗೂ ಇದಕ್ಕೂ ನಂಟಿಲ್ಲ. ಹೆಸರು ಹೇಗೋ ಅಂಟಿಕೊಂಡಿತು. ಮುಂಬಯಿಯ ಗಣೇಶನ ಮೆರವಣಿಗೆ, ಬೆಳಗಾವಿ–ಕೊಲ್ಲಾಪುರ ಸೀಮೆಯ ಮದುವೆ ದಿಬ್ಬಣ ಎಲ್ಲಕ್ಕೂ ‘ಬ್ಯಾಂಜೊ ಪಾರ್ಟಿ’ ಬೇಕಾಯಿತು. ಡೋಲಿನ ಅಬ್ಬರದಲ್ಲಿ ತಂತಿಯ ದನಿ ಕೇಳದೆ ಹೋದಾಗ ಅದಕ್ಕೆ ವಿದ್ಯುತ್ತಿನ ಪಿಕಪ್ ಜೋಡಿಸಿ ಧ್ವನಿವರ್ಧಕಕ್ಕೆ ಕೊಟ್ಟರು. ಮುಂಬಯಿಯ ಹೋಟೆಲುಗಳಲ್ಲಿ ದುಡಿದ ಕುಂದಾಪುರದ ಎಷ್ಟೋ ಮಂದಿ ಚೌತಿಯ ಮೆರವಣಿಗೆಯಲ್ಲಿ ಕೇಳಿದ್ದು, ಅವರಿಗೇ ಗೊತ್ತಿಲ್ಲದಂತೆ, ಜಪಾನಿ ಸಂತಾನದ ಎಲೆಕ್ಟ್ರಿಕ್ ತಂತಿವಾದ್ಯವನ್ನು. ಅದನ್ನು ಯಾರೂ ನಕಲಿ ಎನ್ನಲಿಲ್ಲ. ನಕಲಿ ಎನ್ನಲು ಅಸಲು ಯಾವುದೆಂದು ಯಾರಿಗೂ ತಿಳಿದಿರಲಿಲ್ಲ.

ಗಿಟಾರಿನ ಕಥೆ ಹಾಗಾಗಲಿಲ್ಲ. ಅದರ ಅಸಲು ಅಮೆರಿಕದಲ್ಲಿತ್ತು.

ಎಲೆಕ್ಟ್ರಿಕ್ ಗಿಟಾರ್ ತಾಂತ್ರಿಕವಾಗಿ ಸರಳ ವಸ್ತು. ವೀಣೆಗೆ ಕೊಡ ಬೇಕು, ಸಾಧಾರಣ ಗಿಟಾರಿಗೆ ತೆಳ್ಳನೆಯ ಟೊಳ್ಳು ಪೆಟ್ಟಿಗೆ ಬೇಕು; ತಂತಿಯ ದನಿಯನ್ನು ದೊಡ್ಡದು ಮಾಡುವುದು ಅವು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಆ ಕೆಲಸ ಅಯಸ್ಕಾಂತದ್ದು. ಅಯಸ್ಕಾಂತಕ್ಕೆ ಕೂದಲಿನಷ್ಟು ಸಪೂರದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಹೀಗಾಗಿ ಒಡಲು ಗಟ್ಟಿಮರದ ಹಲಗೆಯಾದರೂ ನಡೆಯುತ್ತದೆ. ವಾದ್ಯ ಮಾಡುವವರ ಪರಂಪರೆಯೇ ಬೇಕೆಂದಿಲ್ಲ, ಒಳ್ಳೆಯ ಬಡಗಿ ಸಾಕು.

ಯುದ್ಧದಲ್ಲಿ ಸೋತು ಕೆಲಸಕ್ಕಾಗಿ ಕಾಯುತ್ತಿದ್ದ ಜಪಾನಿನಲ್ಲಿ ಒಳ್ಳೆಯ ಬಡಗಿಗಳಿಗೇನೂ ಕೊರತೆಯಿರಲಿಲ್ಲ. ಮತ್ಸುಮೊಟೊ ಊರಿನ ಮತ್ಸುಮೊಕು ಎಂಬ ಮರಗೆಲಸದ ಕಾರ್ಖಾನೆ 1951ರಲ್ಲಿ ಶುರುವಾಯಿತು. ಅದು ಮೊದಲು ಮಾಡುತ್ತಿದ್ದುದು ಸಿಂಗರ್ ಹೊಲಿಗೆ ಯಂತ್ರದ ಮರದ ಪೆಟ್ಟಿಗೆಗಳನ್ನು. ಅವೇ ಕೈಗಳು ಮುಂದೆ ಗಿಟಾರಿನ ಒಡಲು ಕೊರೆದವು. ಅದೇ ಊರಿನಲ್ಲಿ 1960ರಲ್ಲಿ ಫುಜಿಗೆನ್ ಕಾರ್ಖಾನೆ ಹುಟ್ಟಿತು. ಟೋಕಿಯೊದಲ್ಲಿ ಟೀಸ್ಕೊ ಕಂಪನಿ 1946ರಷ್ಟು ಹಿಂದೆಯೇ ಕಣ್ಣು ಬಿಟ್ಟಿತ್ತು. ಹಮಮತ್ಸುವಿನಲ್ಲಿ ಯಮಾಹಾ ಇತ್ತು. ಅದರ ಮೂಲಪುರುಷ ಯಮಾಹಾ ತೊರಕುಸು 1887ರಲ್ಲಿ ಶಾಲೆಯೊಂದರ ಕೆಟ್ಟ ಆರ್ಗನ್ ರಿಪೇರಿ ಮಾಡಿ, ಆಮೇಲೆ ತಾನೇ ಒಂದನ್ನು ಕಟ್ಟಿ, ಅಡ್ಡೆಗೆ ಕಟ್ಟಿ ಹೆಗಲ ಮೇಲೆ ಹೊತ್ತು ಹಕೊನೆ ಬೆಟ್ಟ ದಾಟಿಸಿ ಟೋಕಿಯೊಗೆ ಒಯ್ದವನು. ಅಲ್ಲಿನ ಪಂಡಿತರು ಶ್ರುತಿ ಸರಿಯಿಲ್ಲವೆಂದರು. ಅವನು ಒಂದು ತಿಂಗಳು ಅಲ್ಲೇ ಕುಳಿತು ಶ್ರುತಿಶಾಸ್ತ್ರ ಕಲಿತು, ಊರಿಗೆ ಮರಳಿ ಇನ್ನೊಂದು ಕಟ್ಟಿದ. ಜಪಾನಿನ ವಾದ್ಯೋದ್ಯಮದ ನಡವಳಿಕೆಯೆಲ್ಲ ಈ ಪ್ರಸಂಗದಲ್ಲಿದೆ ಎನ್ನಬಹುದು.

1965ರಲ್ಲಿ ಅಮೆರಿಕದ ‘ವೆಂಚರ್ಸ್’ ವಾದ್ಯವೃಂದ ಜಪಾನಿನಲ್ಲಿ ಸಂಚರಿಸಿದ ಮೇಲೆ ಅಲ್ಲಿನ ಹುಡುಗರಿಗೆ ಗಿಟಾರಿನ ಹುಚ್ಚು ಹತ್ತಿತು. ‘ಎಲೆಕಿ’ ಎಂಬುದು ಅದಕ್ಕೆ ಬಿದ್ದ ಹೆಸರು. ಹುಡುಗರು ಕೆಡುತ್ತಾರೆಂದು ಕೆಲವು ಊರುಗಳಲ್ಲಿ ಶಾಲೆಯ ಅಧಿಕಾರಿಗಳು ನಿಷೇಧ ಹೇರಿದ್ದೂ ಉಂಟು. ಹಿರಿಯರ ಈ ಆತಂಕಕ್ಕೆ ದೇಶಭೇದವಿಲ್ಲ. ಕಾರ್ಖಾನೆಗಳು ಹಗಲಿರುಳು ಗಿಟಾರ್ ಹೆರತೊಡಗಿದವು. ನಾಲ್ಕು ಪಿಕಪ್, ಹತ್ತು ಗುಂಡಿ, ಶಾರ್ಕ್ ಮೀನಿನ ರೆಕ್ಕೆಯಂಥ ಕೊಂಬು, ಹೊಳೆಯುವ ತಗಡು. ಅಮೆರಿಕದ ಅಂಗಡಿಗಳಿಗೆ ಅವು ಬೇರೆ ಬೇರೆ ಹೆಸರಿನಲ್ಲಿ ಹೋದವು. ಒಂದೇ ಕಾರ್ಖಾನೆಯ ಮಾಲಿನ ಮೇಲೆ ಒಬ್ಬೊಬ್ಬ ವರ್ತಕನದು ಒಂದೊಂದು ಮುದ್ರೆ. ಕೆಲವು ವರ್ಷಗಳಲ್ಲಿ ಹುಚ್ಚು ಇಳಿಯಿತು. ಹಲವು ಕಾರ್ಖಾನೆಗಳು ಬಾಗಿಲೆಳೆದವು. 1967ರಲ್ಲಿ ಟೀಸ್ಕೊವನ್ನು ಕವಾಯಿ ಕೊಂಡುಕೊಂಡಿತು. ಆ ಕಾಲದ ಗಿಟಾರುಗಳಲ್ಲಿ ಅನೇಕವು ನಿಜಕ್ಕೂ ಸಾಧಾರಣವಾದವು. ಇಂದು ಅವಕ್ಕಿರುವ ಬೇಡಿಕೆ ಹೆಚ್ಚಾಗಿ ರೂಪಕ್ಕೆ ಮತ್ತು ಕರ್ಕಶವಾದರೂ ಬೇರೆಲ್ಲೂ ಸಿಗದ ದನಿಗೆ.

ಮುಂದಿನ ದಶಕದ ಮಾತು ಹಾಗಲ್ಲ. ಅಮೆರಿಕದ ದೊಡ್ಡ ಕಂಪನಿಗಳು ಒಡೆಯರನ್ನು ಬದಲಿಸಿದ್ದವು. ಫೆಂಡರ್ 1965ರಲ್ಲಿ ಸಿಬಿಎಸ್ ಪಾಲಾಗಿತ್ತು. ಗಿಬ್ಸನ್ ಕೂಡ ಕೈಬದಲಾಗಿ ನಾರ್ಲಿನ್ ಸಂಸ್ಥೆಗೆ ಸೇರಿತ್ತು. ಮಾಲಿನ ಗುಣ ಇಳಿಯಿತೆಂದು ನುಡಿಸುವವರು ಗೊಣಗುತ್ತಿದ್ದ ಕಾಲದಲ್ಲೇ ಜಪಾನಿನವರು ಅಮೆರಿಕದ ಹಳೆಯ ಮಾದರಿಗಳನ್ನು ಬಿಚ್ಚಿ, ಅಳೆದು, ಹಾಗೆಯೇ ಮಾಡತೊಡಗಿದರು. ಮೊದಮೊದಲು ಹೊರಗಿನ ಆಕಾರವಷ್ಟೇ ನಕಲು. ಒಳಗಿನ ಕೆಲಸ ಒರಟು. ಏಳೆಂಟು ವರ್ಷದಲ್ಲಿ ಒಳಗೂ ಹೊರಗೂ ವ್ಯತ್ಯಾಸ ಕಾಣದಷ್ಟು ಕೈ ಕುದುರಿತು. ಐಬನೆಜ್, ಗ್ರೆಕೊ, ತೊಕಾಯಿ ಮುಂತಾದ ಹೆಸರುಗಳು ಹೊಮ್ಮಿದ್ದು ಹೀಗೆ. ಐಬನೆಜ್ ಎಂಬ ಹೆಸರಿನದೂ ಒಂದು ವಿನೋದ. ಅದು ಸ್ಪೇನಿನ ಗಿಟಾರ್ ಕುಶಲಕರ್ಮಿ ಸಾಲ್ವಡೊರ್ ಇಬಾನ್ಯೆಜ್‌ನ ಹೆಸರು. ಅವನ ಗಿಟಾರುಗಳನ್ನು 1929ರಿಂದ ತರಿಸುತ್ತಿದ್ದ ನಗೊಯಾದ ಹೊಶಿನೊ ಮನೆತನ ಆಮೇಲೆ ಆ ಹೆಸರನ್ನೇ ತನ್ನ ಮಾಲಿಗೆ ಇಟ್ಟುಕೊಂಡಿತು.

1977ರ ಜೂನಿನಲ್ಲಿ ನಾರ್ಲಿನ್ ಸಂಸ್ಥೆ ಐಬನೆಜ್‌ನ ಅಮೆರಿಕದ ವಿತರಕರಾದ ಎಲ್ಗರ್ ಕಂಪನಿಯ ಮೇಲೆ ಫಿಲಡೆಲ್ಫಿಯಾದ ನ್ಯಾಯಾಲಯದಲ್ಲಿ ದಾವೆ ಹೂಡಿತು. ತಗಾದೆ ನಾದದ್ದಲ್ಲ, ಒಡಲಿನ ಆಕಾರದ್ದೂ ಅಲ್ಲ. ಗಿಟಾರಿನ ತಲೆ, ಅಂದರೆ ಬಿರಡೆಗಳನ್ನು ಕೂರಿಸುವ ತುದಿ, ಗಿಬ್ಸನ್ನಿನ ತೆರೆದ ಪುಸ್ತಕದಂಥ ತಲೆಯನ್ನು ಹೋಲುತ್ತದೆ ಎಂಬುದು ದೂರು. ಐಬನೆಜ್ ಅಷ್ಟರಲ್ಲೇ ತಲೆಯ ಆಕಾರ ಬದಲಿಸಿಯಾಗಿತ್ತು. 1978ರಲ್ಲಿ ಎರಡೂ ಕಡೆಯವರು ನ್ಯಾಯಾಲಯದ ಹೊರಗೆ ರಾಜಿಯಾದರು. ಮೊಕದ್ದಮೆ ಇಷ್ಟೆ. ಆದರೆ ವ್ಯಾಪಾರಿಗಳ ಬಾಯಲ್ಲಿ ಅದು ಪುರಾಣವಾಗಿ ಬೆಳೆದು, ಎಪ್ಪತ್ತರ ದಶಕದ ಯಾವುದೇ ಜಪಾನಿ ನಕಲನ್ನು ‘ಲಾಸೂಟ್ ಗಿಟಾರ್’ ಎಂದು ಕರೆದು ಬೆಲೆ ಏರಿಸುವ ರೂಢಿ ಬಂದಿದೆ. ನ್ಯಾಯಾಲಯದ ಮೆಟ್ಟಿಲನ್ನೇ ಕಾಣದ ಕಂಪನಿಗಳ ಗಿಟಾರುಗಳಿಗೂ ಈ ಕಿರೀಟ ಉಂಟು. ಕೊಳ್ಳುವವರು ಈ ಮಾತಿಗೆ ಕಾಸು ಕೊಡಬೇಕಾಗಿಲ್ಲ.

ಅಸಲು ಕಂಪನಿಯೇ ನಕಲು ಮಾಡುವವರ ಮನೆಗೆ ಬಂದದ್ದು 1982ರಲ್ಲಿ. ಜಪಾನಿನ ಗಿಟಾರುಗಳ ಪೈಪೋಟಿ ತಾಳಲಾರದೆ ಫೆಂಡರ್ ಅಲ್ಲಿನ ಇಬ್ಬರು ವರ್ತಕರ ಜೊತೆ ಸೇರಿ ‘ಫೆಂಡರ್ ಜಪಾನ್’ ಸ್ಥಾಪಿಸಿತು. ಗಿಟಾರ್ ಮಾಡುವ ಕೆಲಸ ಸಿಕ್ಕಿದ್ದು ಮತ್ಸುಮೊಟೊದ ಫುಜಿಗೆನ್ ಕಾರ್ಖಾನೆಗೆ. ನಿನ್ನೆಯವರೆಗೆ ನಕಲೆನಿಸಿದ್ದು ಅವೇ ಕೈಗಳಿಂದ ಅಸಲಾಯಿತು; ಬದಲಾದದ್ದು ತಲೆಯ ಮೇಲಿನ ಅಕ್ಷರ.

ಅಗ್ಗದ ಗುಟ್ಟು ಇರುವುದು ಇಲ್ಲೇ. ಹಳೆಯ ಅಮೆರಿಕನ್ ಗಿಟಾರಿನ ಬೆಲೆಯಲ್ಲಿ ದೊಡ್ಡ ಪಾಲು ಹೆಸರಿನದು. ಜಪಾನಿ ಗಿಟಾರಿನಲ್ಲಿ ಮರ, ಲೋಹ ಮತ್ತು ಕೆಲಸಕ್ಕಷ್ಟೇ ಬೆಲೆ. ಅದರಲ್ಲೂ ಮುದ್ರೆ ಅಳಿಸಿ ಹೋದ ಅಥವಾ ಯಾರೂ ಕೇಳರಿಯದ ಹೆಸರಿನ ಗಿಟಾರ್ ಒಳ್ಳೆಯ ಕಾರ್ಖಾನೆಯದೇ ಆಗಿರಬಹುದು. ಅದನ್ನು ಗುರುತಿಸಲು ಕೆಲವು ಕುರುಹುಗಳಿವೆ. ಫುಜಿಗೆನ್‌ನಲ್ಲಿ ತಯಾರಾದ ಎಪ್ಪತ್ತರ ದಶಕದ ಉತ್ತರಾರ್ಧದ ಐಬನೆಜ್‌ಗಳಲ್ಲಿ ಕ್ರಮಸಂಖ್ಯೆಯ ಮೊದಲ ಅಕ್ಷರ ತಿಂಗಳನ್ನೂ ಮುಂದಿನ ಎರಡು ಅಂಕಿ ವರ್ಷವನ್ನೂ ಹೇಳುತ್ತವೆ. ‘ಡಿ 78’ ಎಂದಿದ್ದರೆ 1978ರ ಏಪ್ರಿಲ್. ಕುತ್ತಿಗೆ ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ, ಬಂದೂಕಿನ ಗುರಿ ನೋಡುವಂತೆ ನೋಡಬೇಕು. ಮೆಟ್ಟುಗಳು ಸವೆದಿದ್ದರೆ ಬದಲಿಸಬಹುದು, ತಂತಿ ತುಕ್ಕು ಹಿಡಿದಿದ್ದರೆ ಚಿಂತೆಯೇ ಇಲ್ಲ. ತಿರುಚಿದ ಕುತ್ತಿಗೆಗೆ ಮಾತ್ರ ಔಷಧವಿಲ್ಲ. ಅಲ್ಲೇ ಅಗ್ಗವಾಗಿ ಸಿಕ್ಕಿತೆಂದು ಆಂಪ್ಲಿಫೈಯರನ್ನೂ ಹೊತ್ತು ತಂದವರು ಪಶ್ಚಾತ್ತಾಪ ಪಡುತ್ತಾರೆ. ಜಪಾನಿನ ಮನೆಗಳ ವಿದ್ಯುತ್ 100 ವೋಲ್ಟಿನದು. ಭಾರತದ 230ಕ್ಕೆ ನೇರ ಚುಚ್ಚಿದರೆ ಕೇಳಿಬರುವುದು ಒಂದೇ ಸ್ವರ, ಅದೂ ಒಂದೇ ಸಲ.

ಗಿಟಾರಿನ ಕುತ್ತಿಗೆಯ ಮೇಲೆ, ಎಡಗೈ ಬೆರಳು ಓಡಾಡುವ ಕಡೆ, ಕಪ್ಪುಗೆಂಪಿನ ಒಂದು ಹಲಗೆ ಅಂಟಿಸಿರುತ್ತಾರೆ. ಬೆರಳಿನ ಬೆವರು ತಡೆಯುವ, ಸವೆಯದ ಮರವೇ ಅದಕ್ಕೆ ಆಗಬೇಕು. ಹಿಂದೆ ಉತ್ತಮವಾದುದಕ್ಕೆಲ್ಲ ಬ್ರೆಜಿಲ್‌ನ ಬೀಟೆ ಬಳಕೆಯಲ್ಲಿತ್ತು. 1960ರ ದಶಕದ ಕೊನೆಗೆ ಬ್ರೆಜಿಲ್ ದಿಮ್ಮಿಗಳ ರಫ್ತು ತಡೆದಾಗ ಜಗತ್ತಿನ ಗಿಟಾರ್ ತಯಾರಕರು ಭಾರತದ ಬೀಟೆಯತ್ತ ತಿರುಗಿದರು. ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿ 1969ರಲ್ಲಿ ಬದಲಾಯಿಸಿತು. ಜಪಾನಿನವರು ಒಳ್ಳೆಯ ಗಿಟಾರ್ ಮಾಡಲು ಕಲಿತದ್ದೂ ಆ ಹೊತ್ತಿನಲ್ಲೇ. ಕೊಲ್ಲೂರು, ಹೊಸಂಗಡಿಯಿಂದ ಮೇಲೆ ಘಟ್ಟ ಹತ್ತಿದರೆ ಕಾಣುವ ಬೀಟೆಯ ಜಾತಿ ಅದೇ. ಮಲೆನಾಡಿನ ಹಳೆಯ ಮನೆಗಳ ಬಾಗಿಲು, ಮಂಚ, ಪೆಟ್ಟಿಗೆಗಳದ್ದೂ ಅದೇ ಮರ. ಹಲಗೆಯ ಮೇಲೆ ಊರ ಹೆಸರು ಕೆತ್ತಿರುವುದಿಲ್ಲ, ಆದರೆ ಮತ್ಸುಮೊಟೊದ ಗಿಟಾರ್ ಕೈಗೆತ್ತಿಕೊಂಡ ಕರಾವಳಿಯವನ ಬೆರಳು ಊರುವುದು ಅನೇಕ ವೇಳೆ ಪಶ್ಚಿಮ ಘಟ್ಟದ ಮರದ ಮೇಲೆ. ಈ ಮರ ಅಪರೂಪವಾಗುತ್ತ ಬಂದುದರಿಂದ 2017ರ ಜನವರಿಯಿಂದ ಬೀಟೆಯ ಇಡೀ ಕುಲ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣಕ್ಕೆ ಬಂತು. ವಾದ್ಯ ಹೊತ್ತು ದೇಶ ದಾಟುವವರಿಗೆ ಎರಡು–ಮೂರು ವರ್ಷ ಕಾಗದಪತ್ರದ ತಲೆನೋವು. ತಯಾರಾದ ವಾದ್ಯಗಳಿಗೆ 2019ರ ನವೆಂಬರಿನಿಂದ ವಿನಾಯಿತಿ ಸಿಕ್ಕಿದೆ. ಬ್ರೆಜಿಲ್‌ನ ಬೀಟೆಗೆ ಮಾತ್ರ ಆ ವಿನಾಯಿತಿಯಿಲ್ಲ.

ಹೊರಗಿನ ವಾದ್ಯವನ್ನು ಕರಾವಳಿ ಎಂದೂ ಹೆಸರು ನೋಡಿ ಒಪ್ಪಿದ್ದಲ್ಲ, ಹೆಸರು ನೋಡಿ ತಳ್ಳಿದ್ದೂ ಅಲ್ಲ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಶ್ರುತಿಗೆ ಮೊದಲು ಇದ್ದುದು ಪುಂಗಿ. ಪ್ಯಾರಿಸಿನಲ್ಲಿ 1842ರಲ್ಲಿ ಪೇಟೆಂಟ್ ಆದ ಹಾರ್ಮೋನಿಯಂ ಬಂದು ಅದರ ಜಾಗದಲ್ಲಿ ಕುಳಿತಾಗ ಭಾಗವತರ ಹಾಡು ಕೆಡಲಿಲ್ಲ. ಅದೇ ಹಾರ್ಮೋನಿಯಂ ವಿದೇಶಿ, ಗಮಕಕ್ಕೆ ಒಗ್ಗದ್ದು ಎಂದು ಆಕಾಶವಾಣಿ 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಬಯಲಾಟದ ರಂಗಸ್ಥಳಕ್ಕೆ ಆ ನಿಷೇಧ ಮುಟ್ಟಲಿಲ್ಲ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಇನ್ನೂ ಮುಂದೆ ಹೋದರು. ಯಕ್ಷಗಾನದ ಬಗ್ಗೆ ಬರೆದ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅವರೇ ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಕೂರಿಸಿದರು. ಸಂಪ್ರದಾಯ ಕೆಟ್ಟಿತೆಂದು ಹೇಳಿದವರಿಗೆ ಕೊರತೆಯಿರಲಿಲ್ಲ. ಕಾರಂತರ ಪ್ರಯೋಗ ಮೇಳಗಳಲ್ಲಿ ನೆಲೆಯೂರಲಿಲ್ಲವೆಂಬುದು ನಿಜ. ಆದರೆ ಸ್ಯಾಕ್ಸೊಫೋನ್ ಬೇರೆ ದಾರಿ ಹಿಡಿದು ಊರೊಳಗೆ ಬಂತು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕಂಡು ಮನಸೋತ ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತವನ್ನು ಅದರಲ್ಲಿ ಒಲಿಸಿ, 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಕಛೇರಿಯವರೆಗೆ ಒಯ್ದರು. ಇಂದು ಕರಾವಳಿಯ ದೇವಸ್ಥಾನಗಳ ಉತ್ಸವ ಬಲಿಯಲ್ಲಿ ನಾಗಸ್ವರದ ಜಾಗದಲ್ಲಿ ಸ್ಯಾಕ್ಸೊಫೋನ್ ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ.

ಗಿಟಾರಿಗೆ ರಂಗಸ್ಥಳದಲ್ಲಿ ಜಾಗ ಸಿಗಲಿಲ್ಲ. ಅದರ ಬಲ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದರಲ್ಲಿದೆ; ಭಾಗವತಿಕೆಗೆ ಬೇಕಾದುದು ಒಂದು ಅಚಲ ಶ್ರುತಿ, ಮದ್ದಳೆ, ಚಂಡೆ. ಗಿಟಾರ್ ನೆಲೆ ಕಂಡುಕೊಂಡದ್ದು ಎರಡು ಕಡೆ. ಒಂದು ಇಗರ್ಜಿ: 1962ರಿಂದ 65ರವರೆಗೆ ನಡೆದ ವ್ಯಾಟಿಕನ್ ಮಹಾಸಭೆ ಸ್ಥಳೀಯ ಭಾಷೆಯಲ್ಲಿ ಪೂಜೆಗೆ ದಾರಿ ತೆರೆದ ಮೇಲೆ ಕೊಂಕಣಿ ಗೀತೆಗಳ ಜೊತೆ ಗಿಟಾರೂ ಒಳಬಂತು. ಇನ್ನೊಂದು, ಊರ ಹಬ್ಬ, ಶಾಲಾ ವಾರ್ಷಿಕೋತ್ಸವಗಳ ರಾತ್ರಿಯ ರಸಮಂಜರಿ. ಆ ವೇದಿಕೆಗಳ ಹುಡುಗರಿಗೆ ಜಪಾನಿ ಗಿಟಾರ್ ಎಂಬುದು ಕನಸು. ಆಮದಿನ ಮೇಲೆ ಬಿಗಿ ನಿರ್ಬಂಧವಿದ್ದ ಕಾಲ; ಅವು ಪೂರ್ತಿ ಸಡಿಲಗೊಂಡದ್ದು 2001ರ ಏಪ್ರಿಲ್‌ನಲ್ಲಿ. ಹೆಚ್ಚಿನವರ ಕೈಯಲ್ಲಿ ಇದ್ದುದು ಕಲ್ಕತ್ತದ ಗಿವ್ಸನ್, ಹೊಬ್ನರ್. ಗಿಬ್ಸನ್, ಹಾಫ್ನರ್ ಎಂಬ ಹೆಸರುಗಳ ಅಕ್ಷರ ಪಲ್ಲಟವೇ ಅವುಗಳ ನಾಮಕರಣ. ನಕಲು ಮಾಡುವುದರಲ್ಲಿ ಜಪಾನ್ ಒಂಟಿಯಾಗಿರಲಿಲ್ಲ. ಅಂಥ ಗಿಟಾರುಗಳಲ್ಲೇ ಬೆರಳು ಕೊಯ್ದುಕೊಂಡು ಕಲಿತ ಒಂದು ತಲೆಮಾರು ಕರಾವಳಿಯ ವೇದಿಕೆಗಳನ್ನು ನಡೆಸಿತು. ಗಲ್ಫಿನಿಂದ ಬಂದ ಅಣ್ಣನೋ ಭಾವನೋ ತಂದ ಜಪಾನಿ ಗಿಟಾರ್ ಯಾರ ಮನೆಯಲ್ಲಾದರೂ ಇದ್ದರೆ, ಕಾರ್ಯಕ್ರಮದ ದಿನ ಅದು ಊರಿಗೆಲ್ಲ ಸೇರಿದ್ದು.

ಈಗಲೂ ಕೆಲವು ಮನೆಗಳ ಅಟ್ಟದಲ್ಲಿ ಆ ಕಾಲದ ಸಾಮಾನು ಇರುತ್ತದೆ. ಗುಜರಿಯವನಿಗೆ ಹಾಕುವ ಮೊದಲು ಕುತ್ತಿಗೆಯ ಬುಡದ ಲೋಹದ ತಗಡಿನ ಮೇಲೋ ತಲೆಯ ಹಿಂಬದಿಯಲ್ಲೋ ಇರುವ ಅಂಕಿ ಒರೆಸಿ ನೋಡುವುದು ಮೇಲು. ಜಪಾನಿನ ಅಂಗಡಿಯಿಂದ ಹೊಸದಾಗಿ ತಂದವರಿಗೂ ಇಲ್ಲಿ ಎದುರಾಗುವ ಶತ್ರು ಒಂದೇ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಊರು ಇದು. ಆರಿದ್ರಾ ಮಳೆ ಹಿಡಿಯುವಷ್ಟರಲ್ಲಿ ಪಿಕಪ್ಪಿನ ತಿರುಪುಗಳಿಗೆ ತುಕ್ಕು ಹತ್ತುತ್ತದೆ, ಮರ ನೀರು ಕುಡಿದು ಕುತ್ತಿಗೆ ಬಾಗುತ್ತದೆ. ಕುತ್ತಿಗೆಯೊಳಗೆ ಒಂದು ಉಕ್ಕಿನ ಸರಳಿರುತ್ತದೆ. ತಲೆಯ ಬಳಿಯೋ ಬುಡದಲ್ಲೋ ಇರುವ ಅದರ ತಿರುಪನ್ನು ಸರಿಯಾದ ಕೀಲಿಯಿಂದ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಬೇಕು. ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಮದ್ದಳೆಯನ್ನು ಬೆಚ್ಚಗಿನ ಜಾಗದಲ್ಲಿ ತೂಗುಹಾಕುವ ಮನೆಗಳಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.